ಮುಳ್ಳು ಹೋಗಿ ದೀಪ ಬಂತು

ಹಳೆಯ ಮಾರುತಿ 800ರ ಕೀಲಿಯನ್ನು ಸ್ಟಾರ್ಟ್ ಆಗುವುದಕ್ಕೆ ಒಂದು ಹೆಜ್ಜೆ ಮೊದಲೇ ನಿಲ್ಲಿಸಿದರೆ ಮೀಟರ್ ಬೋರ್ಡಿನಲ್ಲಿ ಕೆಂಪು ದೀಪಗಳು ಹತ್ತುತ್ತವೆ. ಒಂದರಲ್ಲಿ ಮೂತಿಯಿಂದ ಹನಿ ತೊಟ್ಟಿಕ್ಕುವ ಎಣ್ಣೆಗಿಂಡಿ, ಇನ್ನೊಂದರಲ್ಲಿ ಬ್ಯಾಟರಿಯ ಚಿತ್ರ. ಎಂಜಿನ್ ಹಿಡಿದುಕೊಂಡ ಕೂಡಲೇ ಇವೆರಡೂ ಆರಿಹೋಗುತ್ತವೆ. ಈಚಿನ ಕಾರಿನಲ್ಲಾದರೆ ಅದೇ ಹೊತ್ತಿನಲ್ಲಿ ಹತ್ತು ಹದಿನೈದು ದೀಪ ಒಮ್ಮೆಲೇ ಹತ್ತಿ, ಒಂದೊಂದಾಗಿ ಕಣ್ಣು ಮುಚ್ಚುತ್ತವೆ. ಮುಚ್ಚದೆ ಉಳಿದ ದೀಪವೇ ಮಾಲೀಕನ ಚಿಂತೆ.

ಈ ದೀಪಗಳೆಲ್ಲ ಒಂದೇ ಕಾಲದಲ್ಲಿ ಹುಟ್ಟಿದವಲ್ಲ. ಎಣ್ಣೆಗಿಂಡಿಯ ದೀಪಕ್ಕೂ ಎಂಜಿನ್ ಚಿತ್ರದ ಹಳದಿ ದೀಪಕ್ಕೂ ನಡುವೆ ಸುಮಾರು ಐವತ್ತು ವರ್ಷದ ಅಂತರವಿದೆ. ಮೊದಲನೆಯದು ಒಂದು ಸ್ವಿಚ್ಚು, ಒಂದು ತಂತಿ, ಒಂದು ಬಲ್ಬು, ಅಷ್ಟೆ. ಎರಡನೆಯದರ ಹಿಂದೆ ಕಂಪ್ಯೂಟರ್ ಇದೆ, ಒಂದು ಮಹಾನಗರದ ಕೆಟ್ಟ ಗಾಳಿಯ ಕಥೆ ಇದೆ, ಕಾನೂನು ಇದೆ. ಹಳೆಯ ಕಾರಿನ ದೀಪ ಏನು ಹೇಳುತ್ತಿದೆಯೆಂದು ತಿಳಿಯಬೇಕಾದರೆ ಅದು ಯಾವ ಕಾಲದ ದೀಪ ಎಂಬುದು ಮೊದಲು ಗೊತ್ತಿರಬೇಕು.

ಡ್ಯಾಶ್‌ಬೋರ್ಡ್ ಎಂಬ ಮಾತೇ ಕಾರಿಗಿಂತ ಹಳೆಯದು. ಕುದುರೆಗಾಡಿಯ ಮುಂಭಾಗದಲ್ಲಿ, ಓಡುವ ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸವಾರನ ಮೇಲೆ ಬೀಳದಂತೆ ಅಡ್ಡ ನಿಲ್ಲಿಸುತ್ತಿದ್ದ ಹಲಗೆಗೆ ಆ ಹೆಸರಿತ್ತು. ಕುದುರೆ ಹೋಗಿ ಎಂಜಿನ್ ಬಂದರೂ ಹಲಗೆ ಉಳಿಯಿತು. ಬರಬರುತ್ತಾ ಅದರ ಮೇಲೆ ಮೀಟರುಗಳು ಕೂತವು. ಮೊದಮೊದಲು ಅವೂ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪೆಟ್ರೋಲು ಎಷ್ಟಿದೆಯೆಂದು ನೋಡಬೇಕಾದರೆ ಸೀಟು ಎತ್ತಿ, ಟ್ಯಾಂಕಿನೊಳಗೆ ಕಡ್ಡಿ ಅದ್ದಬೇಕಿತ್ತು. ಎಂಜಿನ್ ಆಯಿಲ್ ನೋಡಲು ಕಾರಿನ ಕೆಳಗೆ ಕೈ ಹಾಕಿ, ಒಂದರ ಕೆಳಗೊಂದು ಇದ್ದ ಎರಡು ಪುಟ್ಟ ನಲ್ಲಿಗಳನ್ನು ತಿರುಗಿಸಬೇಕು. ಮೇಲಿನ ನಲ್ಲಿಯಲ್ಲಿ ಆಯಿಲ್ ಬಂದರೆ ತುಂಬಿದೆ. ಕೆಳಗಿನದರಲ್ಲೂ ಬಾರದಿದ್ದರೆ ಗಾಡಿ ತೆಗೆಯುವಂತಿಲ್ಲ.

ನೀರಿನ ಬಿಸಿಯನ್ನು ಅಳೆಯುವ ಸಾಧನ 1910ರ ದಶಕದಲ್ಲಿ ಬಂತು. ಬಾಯ್ಸ್ ಮೋಟೊಮೀಟರ್ ಎಂದು ಅದರ ಹೆಸರು. ಅದು ಇದ್ದದ್ದು ಚಾಲಕನ ಮುಂದಿನ ಹಲಗೆಯಲ್ಲಲ್ಲ, ಕಾರಿನ ಮೂಗಿನ ತುದಿಯಲ್ಲಿ, ರೇಡಿಯೇಟರ್ ಮುಚ್ಚಳದ ಮೇಲೆ. ದುಂಡನೆಯ ಗಾಜಿನೊಳಗೆ ಜ್ವರ ನೋಡುವ ಕಡ್ಡಿಯಂತಹ ಥರ್ಮಾಮೀಟರು. ಕೆಂಪು ದ್ರವ ಮೇಲೇರಿತೆಂದರೆ ಗಾಡಿ ನಿಲ್ಲಿಸಬೇಕು. ಅದು ಅಳೆಯುತ್ತಿದ್ದುದು ನೀರಿನ ಮೇಲಿನ ಆವಿಯ ಬಿಸಿಯನ್ನು. ಆಮೇಲೆ ಮೀಟರುಗಳು ಒಂದೊಂದಾಗಿ ಚಾಲಕನ ಎದುರಿಗೆ ಬಂದವು: ಬ್ಯಾಟರಿಗೆ ಕರೆಂಟು ಹೋಗುತ್ತಿದೆಯೋ ಬರುತ್ತಿದೆಯೋ ತೋರಿಸುವ ಆಮ್‌ಮೀಟರ್, ಆಯಿಲ್ ಒತ್ತಡದ ಮೀಟರ್, ನೀರಿನ ಬಿಸಿಯ ಮೀಟರ್. ಮುಳ್ಳುಗಳು ಅಲ್ಲಾಡುತ್ತಿದ್ದವು. ಯಾವ ಮುಳ್ಳು ಎಲ್ಲಿದ್ದರೆ ಸರಿ, ಎಲ್ಲಿದ್ದರೆ ಅಪಾಯ ಎಂಬ ತೀರ್ಮಾನ ಮಾತ್ರ ಚಾಲಕನಿಗೇ ಬಿಟ್ಟದ್ದು.

1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿ ಈ ಕ್ರಮವನ್ನು ಮುರಿಯಿತು. ತನ್ನ ಕಾರುಗಳಲ್ಲಿ ಆಯಿಲ್ ಒತ್ತಡದ ಮೀಟರು, ಆಮ್‌ಮೀಟರು ಎರಡನ್ನೂ ತೆಗೆದು ಕೆಂಪು ದೀಪಗಳನ್ನು ಕೂರಿಸಿತು. ಖರ್ಚು ಕಡಿಮೆ, ನೋಡುವುದೂ ಸುಲಭ. ಕ್ರಮೇಣ ಉಳಿದ ಕಂಪನಿಗಳೂ ಇದೇ ದಾರಿ ಹಿಡಿದವು. ಗಾಡಿಯ ಹುಚ್ಚಿದ್ದವರಿಗೆ ಮಾತ್ರ ಇದು ಹಿಡಿಸಲಿಲ್ಲ. ಆ ದೀಪಗಳಿಗೆ ಅಮೆರಿಕನ್ನರು ಇಟ್ಟ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ದಡ್ಡರ ದೀಪ’. ಅವರ ಆಕ್ಷೇಪದಲ್ಲಿ ಹುರುಳಿತ್ತು. ಮುಳ್ಳು ನಿಧಾನವಾಗಿ ಇಳಿಯುತ್ತದೆ, ವಾರಗಟ್ಟಲೆ ಮೊದಲೇ ಸುಳಿವು ಕೊಡುತ್ತದೆ. ದೀಪ ಹತ್ತುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಆದರೆ ಮುಳ್ಳನ್ನು ನೋಡುತ್ತಲೇ ಇರಬೇಕು. ದೀಪವಾದರೆ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಸಾಮಾನ್ಯ ಚಾಲಕನ ಮಟ್ಟಿಗೆ ದೀಪವೇ ಹೆಚ್ಚು ಎಂಜಿನ್‌ಗಳನ್ನು ಉಳಿಸಿದೆಯೆಂದು ಧೈರ್ಯವಾಗಿ ಹೇಳಬಹುದು.

ಆ ಮೊದಲ ತಲೆಮಾರಿನ ದೀಪಗಳ ಒಳಗುಟ್ಟು ಬಹಳ ಸರಳ. ಎಣ್ಣೆಗಿಂಡಿಯ ದೀಪಕ್ಕೆ ಎಂಜಿನ್ನಿನ ಪಕ್ಕದಲ್ಲಿ ತಿರುಪಿ ಕೂರಿಸಿದ ಹೆಬ್ಬೆರಳ ಗಾತ್ರದ ಸ್ವಿಚ್ಚಿದೆ. ಅದರೊಳಗೆ ತೆಳುವಾದ ಪೊರೆ. ಆಯಿಲ್ ಒತ್ತಡ ಪೊರೆಯನ್ನು ಒತ್ತಿಹಿಡಿದಾಗ ಸ್ವಿಚ್ಚು ಬಿಟ್ಟುಕೊಂಡು ದೀಪ ಆರುತ್ತದೆ. ಒತ್ತಡ ತೀರ ಕುಸಿದಾಗ ತಂತಿ ಬಾಡಿಗೆ ಅರ್ತ್ ಆಗಿ ದೀಪ ಹತ್ತುತ್ತದೆ. ಈ ದೀಪ ಹೇಳುವುದು ಒತ್ತಡದ ವಿಷಯ. ಆಯಿಲ್ ಎಷ್ಟು ಉಳಿದಿದೆಯೆಂದು ಅದಕ್ಕೆ ನೇರವಾಗಿ ಗೊತ್ತಿಲ್ಲ. ಈ ವ್ಯತ್ಯಾಸ ತಿಳಿಯದೆ, ದೀಪ ಹತ್ತಿಲ್ಲವಲ್ಲ, ಆಯಿಲ್ ಸಾಕಷ್ಟಿದೆ ಎಂದುಕೊಂಡವರು ಎಂಜಿನ್ ಕಳೆದುಕೊಂಡಿದ್ದಾರೆ.

ನುರಿತ ಮೆಕ್ಯಾನಿಕ್ ಇಲ್ಲಿ ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ, ಪ್ರಶ್ನೆ ಕೇಳುತ್ತಾನೆ. “ಸರ್, ಲೈಟು ಯಾವಾಗ ಬರುತ್ತೆ? ನಿಂತಾಗ್ಲೋ, ಓಡುವಾಗ್ಲೋ? ತಿರುವಿನಲ್ಲಿ ಮಾತ್ರಾನೋ?” ಮೂರು ಉತ್ತರಕ್ಕೆ ಮೂರು ಅರ್ಥ. ಚಾರ್ಮಾಡಿಯಂಥ ಘಾಟಿಯ ತಿರುವಿನಲ್ಲಿ ದೀಪ ಮಿಣುಕಿ, ರಸ್ತೆ ನೇರವಾದಾಗ ಆರಿದರೆ ಆಯಿಲ್ ಕಡಿಮೆಯಾಗಿದೆ; ಗಾಡಿ ವಾಲಿದಾಗ ಉಳಿದ ಆಯಿಲ್ ಒಂದು ಕಡೆ ಸರಿದು ಪಂಪು ಗಾಳಿ ಹೀರುತ್ತಿದೆ. ದೂರ ಓಡಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ಮಿಣುಕಿ, ಆಕ್ಸಿಲರೇಟರ್ ಒತ್ತಿದರೆ ಆರಿದರೆ ಬೇರಿಂಗು ಸವೆದಿರಬಹುದು, ಇಲ್ಲವೇ ಹಾಕಿದ ಆಯಿಲ್ ತೀರ ತೆಳುವಾಗಿರಬಹುದು. ಓಡುತ್ತಿರುವಾಗ ಹತ್ತಿ ಆರದೇ ಉಳಿದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು. ಮುಂದಿನ ಊರಿನವರೆಗೆ ಹೋಗೋಣ ಎನ್ನುವ ಮಾತೇ ಇಲ್ಲ.

ನಿಲ್ಲಿಸಿದ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡುವುದು ಮೊದಲ ಕೆಲಸ. ಆಯಿಲ್ ಸರಿಯಾಗಿದ್ದರೆ ಸ್ವಿಚ್ಚಿನ ತಂತಿ ಕಳಚಿ ಕೀಲಿ ಆನ್ ಮಾಡಿದರಾಯಿತು. ದೀಪ ಆಗಲೂ ಉರಿಯುತ್ತಿದ್ದರೆ ತಂತಿಯೇ ಎಲ್ಲೋ ಉಜ್ಜಿ ಬಾಡಿಗೆ ತಗಲುತ್ತಿದೆ. ಆರಿದರೆ ಅನುಮಾನ ಸ್ವಿಚ್ಚಿನ ಮೇಲೆ, ಅಥವಾ ನಿಜವಾದ ಒತ್ತಡದ ಮೇಲೆ. ಸ್ವಿಚ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಹಾಕಿ ನೋಡಿದರೆ ಸಂದೇಹಕ್ಕೆ ಜಾಗವಿಲ್ಲ. ಇಷ್ಟಕ್ಕೆ ಕಂಪ್ಯೂಟರ್ ಬೇಡ.

ಬ್ಯಾಟರಿ ದೀಪದ ಜಾಣತನ ಇನ್ನೂ ಸೊಗಸಾದದ್ದು. ಆ ಬಲ್ಬಿನ ಒಂದು ತುದಿ ಕೀಲಿಯ ಮೂಲಕ ಬ್ಯಾಟರಿಗೆ, ಇನ್ನೊಂದು ತುದಿ ಡೈನಮೊ ಅಥವಾ ಆಲ್ಟರ್ನೇಟರಿಗೆ. ಎಂಜಿನ್ ನಿಂತಿರುವಾಗ ಬ್ಯಾಟರಿಯಿಂದ ಆ ಕಡೆಗೆ ಕರೆಂಟು ಹರಿದು ದೀಪ ಹತ್ತುತ್ತದೆ. ಎಂಜಿನ್ ಓಡಿದಾಗ ಎರಡೂ ತುದಿಯಲ್ಲಿ ವೋಲ್ಟೇಜು ಸಮವಾಗುತ್ತದೆ. ಸಮವಾದ ಕಡೆ ಹರಿವಿಲ್ಲ, ದೀಪ ಆರುತ್ತದೆ. ಮಂದವಾಗಿ, ನಿದ್ದೆಗಣ್ಣಿನಂತೆ ಉರಿಯುತ್ತಿದ್ದರೆ ಎರಡು ತುದಿಗಳ ನಡುವೆ ಅಲ್ಪಸ್ವಲ್ಪ ವ್ಯತ್ಯಾಸ ಉಳಿದಿದೆ ಎಂದರ್ಥ: ಕಾರ್ಬನ್ ಸವೆದಿದೆ, ಅಥವಾ ಕಟ್‌ಔಟ್ ಪಾಯಿಂಟು ಕಪ್ಪಾಗಿದೆ, ಅಥವಾ ಯಾವುದೋ ಕನೆಕ್ಷನ್ ಸಡಿಲ. ಅನೇಕ ಹಳೆಯ ಆಲ್ಟರ್ನೇಟರುಗಳಿಗೆ ಈ ಬಲ್ಬಿನ ಮೂಲಕ ಹರಿಯುವ ಚೂರು ಕರೆಂಟೇ ಕೆಲಸ ಶುರುಮಾಡಿಸುವ ಪ್ರಚೋದನೆ. ಬಲ್ಬು ಸುಟ್ಟುಹೋದರೆ ಎಂಜಿನ್ ನಿಧಾನವಾಗಿ ತಿರುಗುವಾಗ ಆಲ್ಟರ್ನೇಟರ್ ಚಾರ್ಜ್ ಮಾಡುವುದೇ ಇಲ್ಲ. ಹೊಸ ಬ್ಯಾಟರಿ ಹಾಕಿಸಿ, ಆಲ್ಟರ್ನೇಟರ್ ರಿಪೇರಿ ಮಾಡಿಸಿ, ಕೊನೆಗೆ ಒಂದು ಪುಟ್ಟ ಬಲ್ಬು ಬದಲಾಯಿಸಿ ಗುಣಪಡಿಸಿದ ಕಾರುಗಳಿವೆ.

ಫ್ಯಾನ್ ಬೆಲ್ಟಿನ ಸಂಗತಿಯನ್ನೂ ಇಲ್ಲೇ ಹೇಳಬೇಕು. ಅಂಬಾಸಿಡರ್, ಫಿಯೆಟ್‌ಗಳಂಥ ಕಾರುಗಳಲ್ಲಿ ಒಂದೇ ಬೆಲ್ಟು ಡೈನಮೊವನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ. ಹಾಗಾಗಿ ಚಾರ್ಜಿಂಗ್ ದೀಪ ದಿಢೀರೆಂದು ಹತ್ತಿದರೆ, ಬ್ಯಾಟರಿ ಹಗಲಿಡೀ ತಾಳೀತು, ಸಂಜೆಯೊಳಗೆ ಊರು ಸೇರೋಣ ಎಂಬ ಲೆಕ್ಕ ಹಾಕುವುದು ದೊಡ್ಡ ತಪ್ಪು. ಬೆಲ್ಟು ತುಂಡಾಗಿದ್ದರೆ ಕೆಲವೇ ನಿಮಿಷದಲ್ಲಿ ನೀರು ಕುದಿಯುತ್ತದೆ. ಹಳಬರು ಈ ಕಾರಣಕ್ಕೇ ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆಗೆ ಒಂದು ಫ್ಯಾನ್ ಬೆಲ್ಟನ್ನೂ ಇಟ್ಟುಕೊಂಡೇ ಊರು ಬಿಡುತ್ತಿದ್ದರು.

ಬ್ರೇಕಿಗೆ ದೀಪ ಬಂದದ್ದು ಕಾನೂನಿನ ಒತ್ತಾಯದಿಂದ. ಬ್ರೇಕ್ ವ್ಯವಸ್ಥೆಯನ್ನು ಎರಡು ಪಾಲು ಮಾಡಿ, ಒಂದು ಕೈಕೊಟ್ಟರೂ ಇನ್ನೊಂದು ಉಳಿಯಬೇಕು, ಕೈಕೊಟ್ಟದ್ದು ಚಾಲಕನಿಗೆ ದೀಪದಿಂದ ತಿಳಿಯಬೇಕು ಎಂದು ಅಮೆರಿಕ 1968ರಿಂದ ಕಡ್ಡಾಯ ಮಾಡಿತು. ಮುಂದೆ ಅದೇ ದೀಪಕ್ಕೆ ಹ್ಯಾಂಡ್‌ಬ್ರೇಕಿನ ಸ್ವಿಚ್ಚನ್ನೂ ಬ್ರೇಕ್ ಆಯಿಲ್ ಡಬ್ಬಿಯ ತೇಲುಬುರುಡೆಯನ್ನೂ ಜೋಡಿಸಿದರು. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿಯೂ ಇಳಿಜಾರಿನಲ್ಲಿ ದೀಪ ಮಿಣುಕಿದರೆ ಡಬ್ಬಿಯಲ್ಲಿ ಆಯಿಲ್ ಅಂಚಿಗೆ ಬಂದಿದೆ. ಸಾಮಾನ್ಯವಾಗಿ ಜನ ತಪ್ಪು ಮಾಡುವುದು ಇಲ್ಲೇ. ಬ್ರೇಕ್ ಪ್ಯಾಡ್ ಸವೆದಂತೆಲ್ಲ ಡಬ್ಬಿಯ ಆಯಿಲ್ ಕೆಳಗಿನ ಸಿಲಿಂಡರುಗಳಿಗೆ ಇಳಿಯುತ್ತದೆ. ಪ್ಯಾಡ್ ನೋಡದೆ ಬರೀ ಆಯಿಲ್ ತುಂಬಿಸಿದರೆ ದೀಪ ಆರುತ್ತದೆ. ಪ್ಯಾಡ್ ಸವೆದಿದೆ ಎಂಬ ಸುದ್ದಿಯೂ ಅಳಿಸಿಹೋಗುತ್ತದೆ.

ಬರಹ ಹೋಗಿ ಚಿತ್ರ ಬಂದದ್ದು ಕಾರುಗಳು ದೇಶ ದಾಟಿ ಮಾರಾಟವಾದಾಗ. ಎಣ್ಣೆಗಿಂಡಿ, ಬ್ಯಾಟರಿ, ನೀರಿನಲ್ಲಿ ಮುಳುಗಿದ ಥರ್ಮಾಮೀಟರು, ಈ ಗುರುತುಗಳನ್ನು ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನಕ ಒಂದು ಮಾಡಿತು. ಕೆಂಪಾದರೆ ಅಪಾಯ, ಹಳದಿಯಾದರೆ ಎಚ್ಚರಿಕೆ, ಹೆಡ್‌ಲೈಟಿನ ಹೈಬೀಮಿಗೆ ನೀಲಿ. 1980ರ ದಶಕದ ಆರಂಭದಲ್ಲಿ ದೀಪದ ಬದಲು ಮಾತನ್ನೇ ಆಡಿಸುವ ಪ್ರಯತ್ನವೂ ನಡೆಯಿತು. ಡಾಟ್ಸನ್ ಮ್ಯಾಕ್ಸಿಮಾ ಕಾರಿನೊಳಗೆ ಪುಟ್ಟ ಗ್ರಾಮಫೋನ್ ತಟ್ಟೆ ತಿರುಗಿ, ಹೆಣ್ಣು ದನಿ ಚಾಲಕನನ್ನು ಎಚ್ಚರಿಸುತ್ತಿತ್ತು. ಜನಕ್ಕೆ ಬೇಗ ಬೇಸರ ಬಂತು. ದೀಪಗಳೇ ಗೆದ್ದವು.

ಹಳದಿ ಎಂಜಿನ್ ದೀಪದ ಬೇರು ಮಾತ್ರ ಬೇರೆ ಕಡೆ ಇದೆ. 1943ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಮಬ್ಬು ಕವಿಯಿತು. ಯುದ್ಧದ ಕಾಲ, ಶತ್ರುಗಳು ವಿಷಗಾಳಿ ಬಿಟ್ಟರೆಂದು ಜನ ಹೆದರಿದರು. ಅದರ ಗುಟ್ಟು ಬಿಡಿಸಿದವರು ಡಚ್ ಮೂಲದ ರಸಾಯನವಿಜ್ಞಾನಿ ಆರಿ ಹಾಗೆನ್ ಸ್ಮಿಟ್. ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರುತ್ತದೆಂದು ಹುಡುಕುತ್ತಿದ್ದವರು ಅದೇ ಪ್ರಯೋಗಶಾಲೆಯಲ್ಲಿ ನಗರದ ಗಾಳಿಯನ್ನು ಹಿಡಿದು ಪರೀಕ್ಷಿಸಿದರು. ಕಾರು ಮತ್ತು ತೈಲ ಸಂಸ್ಕರಣಾಗಾರಗಳು ಉಗುಳುವ ಅನಿಲಗಳು ಬಿಸಿಲಿನಲ್ಲಿ ಬೆರೆತು ಓಝೋನ್ ಆಗುತ್ತಿವೆ ಎಂಬುದು ಅವರು ಕಂಡುಕೊಂಡ ಸತ್ಯ. 1967ರಲ್ಲಿ ಕ್ಯಾಲಿಫೋರ್ನಿಯಾ ವಾಯು ಮಂಡಳಿಯನ್ನು ಸ್ಥಾಪಿಸಿತು; ಅದರ ಮೊದಲ ಅಧ್ಯಕ್ಷರೂ ಅವರೇ.

ಹೊಗೆ ಕಡಿಮೆ ಮಾಡಲು ಸೈಲೆನ್ಸರಿನ ದಾರಿಯಲ್ಲಿ ಕೆಟಲಿಟಿಕ್ ಕನ್ವರ್ಟರ್ ಬಂತು. ಅದು ಸರಿಯಾಗಿ ಕೆಲಸ ಮಾಡಬೇಕಾದರೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಹದವಾಗಿರಬೇಕು. ಹದ ನೋಡಲು ಬಾಷ್ ಕಂಪನಿ ಆಮ್ಲಜನಕದ ಸೆನ್ಸರ್ ಮಾಡಿತು. 1976ರಲ್ಲಿ ಅದು ಮೊದಲು ಕೂತದ್ದು ವೋಲ್ವೊ ಕಾರಿನಲ್ಲಿ. ಸೆನ್ಸರ್ ಹೇಳಿದ್ದನ್ನು ಕೇಳಿ ಪೆಟ್ರೋಲು ಅಳೆಯಲು ಕಂಪ್ಯೂಟರ್ ಬೇಕಾಯಿತು. ಕಂಪ್ಯೂಟರ್ ಬಂದ ಮೇಲೆ, ಯಾವ ಸೆನ್ಸರ್ ಕೆಟ್ಟಿದೆ ಎಂಬುದನ್ನು ಅದೇ ನೆನಪಿಟ್ಟುಕೊಳ್ಳಲಿ ಎಂಬ ಯೋಚನೆ ಸಹಜವಾಗಿ ಬಂತು. ಜನರಲ್ ಮೋಟರ್ಸ್ 1981ರಲ್ಲಿ ತನ್ನ ಪೆಟ್ರೋಲ್ ಕಾರುಗಳಿಗೆ ‘ಚೆಕ್ ಎಂಜಿನ್’ ದೀಪ ಕೊಟ್ಟಿತು. ಹೀಗೆ ಈ ಹಳದಿ ದೀಪ ಹುಟ್ಟಿದ್ದು ಊರಿನ ಗಾಳಿಯನ್ನು ಕಾಯಲಿಕ್ಕೆ. ಅದು ಹತ್ತಿದರೂ ಕಾರು ಎಷ್ಟೋ ಸಲ ಎಂದಿನಂತೆ ಓಡುವುದು ಇದರಿಂದಲೇ.

ಆ ಕಾಲದ ಕಾರಿನಿಂದ ಗುಟ್ಟು ಹೊರಡಿಸಲು ಬೇಕಾಗಿದ್ದದ್ದು ಕಾಗದಕ್ಕೆ ಸಿಕ್ಕಿಸುವ ಒಂದು ಕ್ಲಿಪ್ಪು. ಸ್ಟೀರಿಂಗಿನ ಕೆಳಗಿನ ಕನೆಕ್ಟರಿನ ಎರಡು ತೂತುಗಳನ್ನು ಕ್ಲಿಪ್ಪಿನಿಂದ ಸೇರಿಸಿ ಕೀಲಿ ಆನ್ ಮಾಡಿದರೆ ಚೆಕ್ ಎಂಜಿನ್ ದೀಪ ಮಿಣುಕಿ ಲೆಕ್ಕ ಹೇಳುತ್ತದೆ. ಒಂದು ಮಿಣುಕು, ಬಿಡುವು, ಎರಡು ಮಿಣುಕು: 12. ಹೀಗೆ ಮೂರು ಸಲ. ಜನರಲ್ ಮೋಟರ್ಸ್ ಕಾರಿನಲ್ಲಿ 12 ಬಂದರೆ ಕಂಪ್ಯೂಟರ್ ಮಾತಾಡುತ್ತಿದೆ ಎಂದರ್ಥ. ಆಮೇಲೆ ಬರುವ ಸಂಖ್ಯೆಗಳು ನಿಜವಾದ ದೋಷಗಳು. ಟೊಯೊಟಾದಲ್ಲಿ ಸೇರಿಸಬೇಕಾದ ತೂತುಗಳು ಬೇರೆ, ಹೋಂಡಾದಲ್ಲಿ ಕ್ರಮವೇ ಬೇರೆ. ಒಂದು ಕಂಪನಿಯ ಸಂಖ್ಯೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ದಪ್ಪ ಮ್ಯಾನ್ಯುಯಲ್ ಇದ್ದವನೇ ಪಂಡಿತ.

ಕ್ಯಾಲಿಫೋರ್ನಿಯಾ 1988ರ ಕಾರುಗಳಿಂದ ಒಬಿಡಿ ಎಂಬ ಈ ಸ್ವಯಂಪರೀಕ್ಷೆಯನ್ನು ಕಡ್ಡಾಯಗೊಳಿಸಿತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಎರಡನೆಯ, ಏಕರೂಪದ ವ್ಯವಸ್ಥೆ ಬಂತು. ಅದೇ ಒಬಿಡಿ-2. ಯಾವ ಕಂಪನಿಯಾದರೂ ಸರಿ, 16 ಪಿನ್ನಿನ ಒಂದೇ ಆಕಾರದ ಕನೆಕ್ಟರ್, ಚಾಲಕನ ಮೊಣಕಾಲಿನ ಆಸುಪಾಸಿನಲ್ಲೇ. ಸಂಖ್ಯೆಗಳ ಭಾಷೆಯೂ ಒಂದೇ. ಪಿ 0300 ಬಂದರೆ ಸಿಲಿಂಡರುಗಳಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ಮಿಸ್ಸಿಂಗ್. ಪಿ 0420 ಬಂದರೆ ಕನ್ವರ್ಟರಿನ ಶಕ್ತಿ ಕುಂದಿದೆ. ಪಿ 0171 ಬಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು. ಅನೇಕ ದೋಷಗಳು ಒಂದೇ ಸಲ ಕಂಡರೆ ದೀಪ ಹತ್ತುವುದಿಲ್ಲ. ಮುಂದಿನ ಓಡಾಟದಲ್ಲೂ ಕಂಡರೆ ಮಾತ್ರ ಹತ್ತುತ್ತದೆ. ಎಡೆಬಿಡದೆ ಮಿಣುಕಿದರೆ ಮಾತ್ರ ತಡಮಾಡುವಂತಿಲ್ಲ. ಉರಿಯದ ಪೆಟ್ರೋಲು ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿರುತ್ತದೆ.

ಭಾರತದಲ್ಲಿ ಈ ಕಥೆ ಕಂತುಕಂತಾಗಿ ನಡೆಯಿತು. 1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಹೊಸ ಪೆಟ್ರೋಲ್ ಕಾರಿಗೆ ಕನ್ವರ್ಟರ್ ಕಡ್ಡಾಯವಾಯಿತು. 2000ದ ಹೊತ್ತಿಗೆ ಸೀಸವಿಲ್ಲದ ಪೆಟ್ರೋಲು ದೇಶಕ್ಕೆಲ್ಲ ಬಂತು. ಕಾರ್ಬುರೇಟರ್ ಹೋಗಿ, ಪೆಟ್ರೋಲನ್ನು ಅಳೆದು ಸಿಂಪಡಿಸುವ ಎಂಪಿಎಫ್‌ಐ ಬಂದದ್ದೂ ಆ ಆಸುಪಾಸಿನಲ್ಲೇ. ಬೆಂಗಳೂರಿನ ಗ್ಯಾರೇಜುಗಳು ಬೋರ್ಡಿನ ಮೇಲೆ ಆ ನಾಲ್ಕಕ್ಷರವನ್ನು ದೊಡ್ಡದಾಗಿ ಬರೆಸಿದವು. ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 3 ನಿಯಮ ಬೆಂಗಳೂರಿಗೆ 2005ರಲ್ಲಿ ಬಂದರೆ ದೇಶದ ಉಳಿದ ಊರುಗಳಿಗೆ 2010ರಲ್ಲಿ ಬಂತು. 2010ರ ಏಪ್ರಿಲ್‌ನಲ್ಲಿ ಸ್ಟೇಜ್ 4 ಬೆಂಗಳೂರೂ ಸೇರಿ 13 ನಗರಗಳಿಗೆ ಬಂದಾಗ ಒಬಿಡಿಯ ಮೊದಲ ಹಂತವೂ ಜೊತೆಗೆ ಬಂತು. ಎರಡನೆಯ ಹಂತ 2013ರಲ್ಲಿ. ಆದ್ದರಿಂದ ಇಲ್ಲಿನ ಹಳೆಯ ಕಾರಿನ ವಯಸ್ಸು ಮುಖ್ಯ. 2013ರ ನಂತರದ್ದಾದರೆ ಸ್ಕ್ಯಾನರ್ ಹಾಕಿದ ಕೂಡಲೇ ಎಲ್ಲರಿಗೂ ಗೊತ್ತಿರುವ ಸಂಖ್ಯೆ ಸಿಗುತ್ತದೆ. 2000 ಮತ್ತು 2010ರ ನಡುವಿನದ್ದಾದರೆ 16 ಪಿನ್ನಿನ ಕನೆಕ್ಟರ್ ಇದ್ದರೂ ಒಳಗಿನ ಭಾಷೆ ಕಂಪನಿಯದ್ದೇ ಆಗಿರಬಹುದು. ಸಾದಾ ಸ್ಕ್ಯಾನರ್ ಕೈಚೆಲ್ಲೀತು. ಅದಕ್ಕಿಂತ ಹಿಂದಿನದ್ದಕ್ಕೆ ಟೆಸ್ಟ್ ಲ್ಯಾಂಪು, ಮಲ್ಟಿಮೀಟರು ಮತ್ತು ಅನುಭವ.

ಬೆಂಗಳೂರಿಗೆ ಈ ಚರಿತ್ರೆಯಲ್ಲಿ ಎರಡು ಪಾತ್ರ. 1951ರಲ್ಲಿ ಸ್ಥಾಪನೆಯಾದ ಮೈಕೋ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ತಯಾರಿಸಿತು. ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ಬಡಾವಣೆ ಈಗಲೂ ಮೈಕೋ ಲೇಔಟ್. ಮುಂದೆ ಜರ್ಮನಿಯ ಹೊರಗಿನ ಬಾಷ್‌ನ ಅತಿದೊಡ್ಡ ತಂತ್ರಾಂಶ ಕೇಂದ್ರವೂ ಇದೇ ಊರಿನಲ್ಲಿ ಬೆಳೆಯಿತು. ಕಾರಿನೊಳಗಿನ ಕಂಪ್ಯೂಟರಿಗೆ ತಂತ್ರಾಂಶ ಬರೆಯುವವರು ಇರುವ ಊರಿನಲ್ಲೇ, ಕೆಲವೇ ಮೈಲಿ ಆಚೆ ಜೆ.ಸಿ. ರಸ್ತೆಯಲ್ಲಿ ಅದರ ಸೆನ್ಸರು, ಸ್ವಿಚ್ಚು, ಹೋಲ್ಡರುಗಳು ಬಿಡಿಬಿಡಿಯಾಗಿ ಮಾರಾಟವಾಗುತ್ತವೆ.

ಸ್ಕ್ಯಾನರ್ ಅಗ್ಗವಾದದ್ದಕ್ಕೂ ಒಂದು ಕಾರಣವಿದೆ. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಕಾರಿನ ಭಾಷೆಯನ್ನು ಸಾದಾ ಕಂಪ್ಯೂಟರಿಗೆ ತಿಳಿಯುವಂತೆ ಬದಲಿಸುವ ಇಎಲ್‌ಎಂ 327 ಎಂಬ ಚಿಪ್ ಮಾಡಿತು. ಅದರ ಮೊದಲ ಆವೃತ್ತಿಗೆ ನಕಲಾಗದಂತೆ ಬೀಗ ಹಾಕಿರಲಿಲ್ಲ. ನಕಲುಗಳು ಜಗತ್ತನ್ನೇ ತುಂಬಿದವು. ಮೂಲ ಕಂಪನಿ 2022ರಲ್ಲಿ ಬಾಗಿಲು ಮುಚ್ಚಿತು. ಇಂದು ಮೊಬೈಲ್ ಇರುವ ಯಾರಾದರೂ ಕೆಲವು ನೂರು ರೂಪಾಯಿಗೆ ತಮ್ಮ ಕಾರಿನ ಸಂಖ್ಯೆ ಓದಬಹುದು. ಓದಿದ ಕೂಡಲೇ ಆ ಹೆಸರಿನ ಬಿಡಿಭಾಗ ಕೊಳ್ಳಲು ಓಡುವುದು ಮಾತ್ರ ಹಣ ಕಳೆಯುವ ದಾರಿ. ಗಾಳಿ ಹೆಚ್ಚಾಗಿದೆ ಎಂದು ಸೆನ್ಸರ್ ಹೇಳಿದರೆ ಸೆನ್ಸರ್ ಕೆಟ್ಟಿದೆ ಎಂದಲ್ಲ. ಎಲ್ಲೋ ರಬ್ಬರ್ ಪೈಪು ಬಿರುಕುಬಿಟ್ಟು ಗಾಳಿ ನುಗ್ಗುತ್ತಿರಬಹುದು. ಸಂಬಂಧವಿಲ್ಲದ ನಾಲ್ಕೈದು ದೀಪ ಒಟ್ಟಿಗೆ ಹತ್ತಿದರೆ ಮೊದಲು ನೋಡಬೇಕಾದದ್ದು ಬ್ಯಾಟರಿಯ ವೋಲ್ಟೇಜು ಮತ್ತು ಅರ್ತ್ ತಂತಿ. ಎಬಿಎಸ್ ದೀಪಕ್ಕೆ ಚಕ್ರದ ಬಳಿಯ ಸೆನ್ಸರಿಗೆ ಮೆತ್ತಿದ ಕೆಸರು, ತುಕ್ಕು ಸಾಕು. ಏರ್‌ಬ್ಯಾಗ್ ದೀಪ ಹತ್ತಿದರೆ ಮಾತ್ರ ಮನೆಯಂಗಳದಲ್ಲಿ ಏನನ್ನೂ ಬಿಚ್ಚಬಾರದು.

ದೀಪ ಆರಿಸುವುದಕ್ಕೆ ಇನ್ನೊಂದು, ಕೆಟ್ಟ ದಾರಿಯೂ ಇದೆ. ಸೆಕೆಂಡ್ ಹ್ಯಾಂಡ್ ಕಾರು ಮಾರುವ ಕೆಲವರು ಚೆಕ್ ಎಂಜಿನ್ ಅಥವಾ ಏರ್‌ಬ್ಯಾಗ್ ದೀಪದ ಬಲ್ಬನ್ನೇ ಕಿತ್ತುಬಿಡುತ್ತಾರೆ, ಇಲ್ಲವೇ ಅದರ ತಂತಿಯನ್ನು ಆಯಿಲ್ ದೀಪಕ್ಕೆ ಜೋಡಿಸಿ ಎರಡೂ ಒಟ್ಟಿಗೆ ಹತ್ತಿ ಒಟ್ಟಿಗೆ ಆರುವಂತೆ ಮಾಡುತ್ತಾರೆ. ಇದು ಕೊಳ್ಳುವವರ ಜೀವದೊಡನೆ ಆಡುವ ಮೋಸ. ಇದನ್ನು ಹಿಡಿಯಲು ಯಾವ ಸಲಕರಣೆಯೂ ಬೇಕಿಲ್ಲ. ಹಳೆಯ ಕಾರು ನೋಡಲು ಹೋದಾಗ ಎಂಜಿನ್ ಶುರುಮಾಡುವ ಮೊದಲು ಕೀಲಿಯನ್ನು ಒಂದು ಹೆಜ್ಜೆ ಹಿಂದೆಯೇ ನಿಲ್ಲಿಸಿ, ಇರಬೇಕಾದ ದೀಪಗಳೆಲ್ಲ ಹತ್ತಿದವೇ ಎಂದು ಒಂದೊಂದಾಗಿ ಎಣಿಸಿ. ಎಂಜಿನ್ ಶುರುವಾದ ಮೇಲೆ ಪ್ರತಿಯೊಂದೂ ತನ್ನ ಹೊತ್ತಿಗೆ ಆರುತ್ತದೆಯೇ ನೋಡಿ. ಹತ್ತಬೇಕಾದ ಒಂದು ದೀಪ ಹತ್ತದಿದ್ದರೂ ಕಾರಣ ತಿಳಿಯುವವರೆಗೆ ಮುಂಗಡ ಕೊಡಬೇಡಿ.